ನಾಲ್ಕು ಬಾಟಲಿ ಗಿಣ್ಣದ ಹಾಲು

ನನ್ನ ಹೆಂಡತಿ ತೀರಿಕೊಂಡದ್ದು ನವೆಂಬರ್‌ನಲ್ಲಿ, ಟಗರನ್ನು ಕುರಿಗಳ ಜೊತೆ ಬಿಟ್ಟ ಒಂಬತ್ತನೆಯ ದಿನ. ತಾರೀಖು ನನಗೆ ಆಮೇಲೆ ನೆನಪಾಗುತ್ತದೆ, ಮೊದಲು ನೆನಪಾಗುವುದು ಟಗರು. ಅವತ್ತು ಬೆಳಿಗ್ಗೆ ಅವಳು ಕೊಟ್ಟಿಗೆಗೆ ಹೋಗಿ ಯಾವ ಯಾವ ಕುರಿಯ ಬೆನ್ನಿನ ಮೇಲೆ ಹಳದಿ ಬಣ್ಣ ಬಿದ್ದಿದೆ ಎಂದು ನೋಡಿ, ನೋಟ್‌ಬುಕ್ಕಿನಲ್ಲಿ ಎರಡು ನಂಬರ್ ಬರೆದು, ಕೈ ತೊಳೆದು, ಬಸ್ಸು ಹಿಡಿದು ವಿಶ್ವವಿದ್ಯಾಲಯಕ್ಕೆ ಹೋದಳು. ಹನ್ನೊಂದು ಗಂಟೆಗೆ ಅಲ್ಲಿಂದ ಫೋನ್ ಬಂತು. ತಲೆಯಲ್ಲಿ ರಕ್ತಸ್ರಾವ. ನಾನು ಓರೆಬ್ರೂ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮುಗಿದಿತ್ತು.

ಅವಳು ಪಶುವೈದ್ಯೆ. ಕುರಿಗಳ ಬೆದೆ, ಗಬ್ಬ, ಈಯುವಿಕೆಯ ಮೇಲೆ ಸಂಶೋಧನೆ ಮಾಡಲು ಸ್ವೀಡನ್ನಿಗೆ ಬಂದವಳು. ನಾನು ಅವಳ ಜೊತೆ ಬಂದವನು. ಪಿಯುಸಿ ಮುಗಿಸಿ ನಮ್ಮೂರಿನ ಹಾಲಿನ ಡೈರಿಯಲ್ಲಿ ಹದಿಮೂರು ವರ್ಷ ಹಾಲಿನ ಡಿಗ್ರಿ ನೋಡುತ್ತಿದ್ದೆ. ಅವಳು ನನ್ನ ಸೋದರಮಾವನ ಮಗಳು. ಓದಿನಲ್ಲಿ ನಮ್ಮಿಬ್ಬರಿಗೂ ಬಹಳ ಅಂತರವಿತ್ತು, ಆದರೆ ಅವಳು ಅದನ್ನು ಒಮ್ಮೆಯೂ ತೋರಿಸಲಿಲ್ಲ.

ಓರೆಬ್ರೂದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಫಾರ್ಮಿನಲ್ಲಿ ನಮ್ಮ ಬಾಡಿಗೆ ಮನೆ. ಫಾರ್ಮಿನ ಒಡತಿಗೆ ಎಪ್ಪತ್ತು ದಾಟಿತ್ತು. ನಮ್ಮೊಳಗೆ ಅವರನ್ನು ಅಜ್ಜಿ ಅನ್ನುತ್ತಿದ್ದೆವು. ಮಾಂಸಕ್ಕೆಂದು ಸಾಕುವ ನಲವತ್ತು ಆಕಳು, ಮೂವತ್ತು ಕುರಿ ಅವರಿಗಿದ್ದವು. ನಾನು ಗಂಟೆ ಲೆಕ್ಕದಲ್ಲಿ ಅವರ ಹತ್ತಿರ ಕೆಲಸಕ್ಕಿದ್ದೆ. ನನ್ನ ಹೆಂಡತಿ ರಜಾದಿನಗಳಲ್ಲಿ ಬಂದು ಕುರಿಗಳನ್ನು ನೋಡಿಕೊಳ್ಳುತ್ತಿದ್ದಳು. ಆಕಳುಗಳು ಹಾಲಿಗಲ್ಲ, ಮಾಂಸಕ್ಕೆ ಎಂಬುದನ್ನು ಅವಳು ತನ್ನ ತಾಯಿಗೆ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ನಮ್ಮ ಕಡೆ ಟಗರು ವರ್ಷವಿಡೀ ಹಿಂಡಿನಲ್ಲೇ ಇರುತ್ತದೆ, ಮರಿಗಳು ಯಾವಾಗ ಬೇಕಾದರೂ ಹುಟ್ಟುತ್ತವೆ. ಇಲ್ಲಿ ಹಾಗಲ್ಲ. ಹಗಲು ಗಿಡ್ಡವಾಗುತ್ತ ಹೋದ ಹಾಗೆ ಕುರಿಗಳು ಬೆದೆಗೆ ಬರುತ್ತವೆ. ನವೆಂಬರ್‌ನಲ್ಲಿ ಟಗರು ಬಿಟ್ಟರೆ ಮಾರ್ಚ್ ಕೊನೆಗೆ ಮರಿ. ಅದಕ್ಕೂ ಮೊದಲು, ಅಕ್ಟೋಬರ್‌ನಲ್ಲಿ, ಪ್ರತಿ ಕುರಿಯನ್ನೂ ಹಿಡಿದು ಬೆನ್ನುಮೂಳೆ ಮುಟ್ಟಿ ಮೈ ಎಷ್ಟಿದೆ ನೋಡಬೇಕು. ಹಲ್ಲು ನೋಡಬೇಕು, ಕೆಚ್ಚಲು ಒತ್ತಿ ನೋಡಬೇಕು. ಹಲ್ಲು ಬಿದ್ದದ್ದು, ಕೆಚ್ಚಲಲ್ಲಿ ಗಂಟಿದ್ದದ್ದು ಚಳಿಗಾಲಕ್ಕೆ ಮೊದಲೇ ಕಸಾಯಿಖಾನೆಯ ಲಾರಿ ಹತ್ತಬೇಕು.

ಆ ಅಕ್ಟೋಬರ್‌ನಲ್ಲಿ ಒಂದು ಹಳೆಯ ಕುರಿಯ ಮೇಲೆ ಜಗಳವಾಯಿತು. ಬೂದು ಬಣ್ಣದ್ದು, ಎಂಟು ವರ್ಷದ್ದು. ನನ್ನ ಹೆಂಡತಿ ಈ ದೇಶದಲ್ಲಿ ಮೊದಲು ಹೆರಿಗೆ ಮಾಡಿಸಿದ ಕುರಿ ಅದು. ಹಿಂದಿನ ಬೇಸಿಗೆಯಲ್ಲಿ ಬಾವು ಬಂದು ಅದರ ಅರ್ಧ ಕೆಚ್ಚಲು ಕಲ್ಲಿನಂತಾಗಿತ್ತು.

"ಇದು ಹೋಗಬೇಕು. ಈ ಮುದುಕಿಗಿಂತ ನನಗೇ ಹಲ್ಲು ಜಾಸ್ತಿ ಇದೆ," ಎಂದರು ಅಜ್ಜಿ.

"ಹಾಗಾದರೆ ನಿಮ್ಮನ್ನೂ ಕಳಿಸಬೇಕಾಗುತ್ತದೆ," ಎಂದಳು ನನ್ನವಳು. "ನಿಮ್ಮ ಮಂಡಿ ನೋಡಿ. ಬೆನ್ನು ನೋಡಿ."

"ನನ್ನ ಮಾಂಸ ಯಾರೂ ಕೊಳ್ಳುವುದಿಲ್ಲ. ಅದಕ್ಕೇ ಉಳಿದಿದ್ದೇನೆ."

"ಒಂದೇ ಒಂದು ಸಲ ಮರಿ ಹಾಕಲಿ. ಇವಳ ಹೆಣ್ಣುಮರಿಗಳೆಲ್ಲ ಒಳ್ಳೆಯ ತಾಯಂದಿರಾಗಿವೆ. ಕೊನೆಯದಾಗಿ ಒಂದು ಹೆಣ್ಣುಮರಿ ಸಿಗಲಿ."

"ಹಾಲು ಎಲ್ಲಿಂದ ತರುತ್ತೀ?"

"ಹಾಲಿನ ಜವಾಬ್ದಾರಿ ನನ್ನದು."

ಅಜ್ಜಿ ನನ್ನ ಕಡೆ ತಿರುಗಿ, "ನಿನ್ನ ಹೆಂಡತಿ ವಿಜ್ಞಾನಿಯೋ, ವಕೀಲಳೋ?" ಎಂದು ಕೇಳಿದರು. ನಾನು ಆ ಕುರಿಯ ಮುಂಗಾಲು ಹಿಡಿದು ಕೂತಿದ್ದೆ, ಸುಮ್ಮನೆ ನಕ್ಕೆ. ಹಾಲಿನ ಜವಾಬ್ದಾರಿ ಎಂದರೆ ಹಾಲಿನ ಪುಡಿ ಕಲಸಿ ಬಾಟಲಿಯಲ್ಲಿ ಕುಡಿಸುವುದು ಎಂದು ತಿಳಿದುಕೊಂಡೆ. ಕೇಳಲಿಲ್ಲ. ಹದಿಮೂರು ವರ್ಷ ಹಾಲಿನಲ್ಲೇ ಕೈ ಆಡಿಸಿದವನಿಗೆ ಹಾಲಿನ ವಿಷಯ ಹೇಳುವ ಅಗತ್ಯವಿಲ್ಲ ಎಂದು ಅವಳೂ ಅಂದುಕೊಂಡಿರಬೇಕು.

ಟಗರಿನ ಎದೆಗೆ ಪಟ್ಟಿ ಕಟ್ಟಿ, ಅದಕ್ಕೆ ಬಣ್ಣದ ದೊಡ್ಡ ಬಳಪ ಸಿಕ್ಕಿಸುತ್ತಾರೆ. ಟಗರು ಹಾರಿದ ಕುರಿಯ ಹಿಂಭಾಗಕ್ಕೆ ಬಣ್ಣ ಮೆತ್ತಿಕೊಳ್ಳುತ್ತದೆ. ಬೂದು ಕುರಿಗೆ ಮೂರನೆಯ ದಿನವೇ ಹಳದಿ ಬಿತ್ತು. ನೋಟ್‌ಬುಕ್ಕಿನಲ್ಲಿ ಅದರ ನಂಬರ್ ಮೊದಲನೆಯದು. ಪಕ್ಕದಲ್ಲಿ ಅವಳೇ ಲೆಕ್ಕ ಹಾಕಿ ಈಯುವ ದಿನ ಬರೆದಿದ್ದಳು. ಅಂದರೆ ಹಿಂಡಿನಲ್ಲೇ ಮೊದಲು ಈಯಬೇಕಾದದ್ದು ಅದೇ.

ಅವಳು ಹೋದ ಮೇಲೆ ಆ ನೋಟ್‌ಬುಕ್ಕು ನನ್ನ ಹತ್ತಿರ ಉಳಿಯಿತು. ಇಲ್ಲಿ ಹೆಣವನ್ನು ವಾರಗಟ್ಟಲೆ ಇಟ್ಟುಕೊಂಡು ಆಮೇಲೆ ದಿನ ಕೊಡುತ್ತಾರೆ. ಅವಳ ತಾಯಿಗೆ ಆ ಹೊತ್ತಿಗೂ ವೀಸಾ ಸಿಗಲಿಲ್ಲ. ದಹನದ ದಿನ ಅವರು ರಾಣೇಬೆನ್ನೂರಿನಲ್ಲಿ ಮಗನ ಮನೆಯಲ್ಲಿ ಕೂತು ಫೋನಿನಲ್ಲಿ ನೋಡಿದರು. ಮಧ್ಯದಲ್ಲಿ ಎರಡು ಸಲ ಲೈನ್ ಹೋಯಿತು.

ಸಾಯುವ ಹಿಂದಿನ ದಿನವಷ್ಟೇ ಅವಳು ತಾಯಿಗೆ ಆ ಬೂದು ಕುರಿಯ ಕಥೆ ಹೇಳಿದ್ದಳಂತೆ. ಅಜ್ಜಿಯ ಜೊತೆ ವಾದ ಮಾಡಿ ಗೆದ್ದದ್ದನ್ನು ನಗುತ್ತ ಹೇಳಿದ್ದಳಂತೆ. ಅತ್ತೆಗೆ ಮಗಳ ಕಡೆಯ ಮಾತು ಅದೇ ಆಯಿತು. ಅಂದಿನಿಂದ ಪ್ರತಿ ಭಾನುವಾರ ಫೋನ್ ಮಾಡಿದಾಗ ಅವರು ತಪ್ಪದೆ ಕೇಳುತ್ತಿದ್ದರು: "ಅಕಿ ಕುರಿ ಹ್ಯಾಂಗೈತಿ?"

ಹಾಗಾಗಿ ಆ ಕುರಿ ಈದು ಮರಿ ಬದುಕುವುದೊಂದು ನನಗೆ ಕೆಲಸವಾಗಿ ಉಳಿಯಿತು. ಬೇರೆ ಯಾವುದರಲ್ಲೂ ಮನಸ್ಸಿರಲಿಲ್ಲ. ಈ ದೇಶದಲ್ಲಿರಲು ನನಗಿದ್ದ ಪರವಾನಗಿ ಅವಳ ಪರವಾನಗಿಗೆ ಕಟ್ಟಿದ್ದು, ಅದು ಮುಂದಿನ ಅಕ್ಟೋಬರ್‌ಗೆ ಮುಗಿಯುತ್ತಿತ್ತು. ಅಲ್ಲಿಯವರೆಗೆ ಅವಳ ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಮಾಡುತ್ತ ಹೋಗುವುದು, ಅಷ್ಟೆ. ಡಿಸೆಂಬರ್‌ನಲ್ಲಿ ಹಿಕ್ಕೆ ಆರಿಸಿ ಜಂತುಹುಳದ ಪರೀಕ್ಷೆಗೆ ಅಂಚೆಯಲ್ಲಿ ಕಳಿಸಿದೆ. ಜನವರಿಯಲ್ಲಿ ಸ್ಕ್ಯಾನ್ ಮಾಡುವ ಹೆಂಗಸು ಬಂದು ಬೂದು ಕುರಿಯ ಬೆನ್ನಿಗೆ ಎರಡು ಚುಕ್ಕೆ ಇಟ್ಟಳು. ಎರಡು ಮರಿ. ಈಯುವುದಕ್ಕೆ ಆರು ವಾರ ಇರುವಾಗ ಕಾಳು ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕು, ಲಸಿಕೆ ಹಾಕಿಸಬೇಕು. ಎಲ್ಲ ಮಾಡಿದೆ. ನೋಟ್‌ಬುಕ್ಕಿನಲ್ಲಿ ಇಲ್ಲದ್ದು ನನಗೆ ಗೊತ್ತಿರಲಿಲ್ಲ.

ಅವಳು ಹೋದ ಮೇಲಿನ ಮೂರನೆಯ ಅಮಾವಾಸ್ಯೆಗೆ ಮೊದಲು ಅತ್ತೆ ಫೋನ್ ಮಾಡಿದರು. ಚಿಕ್ಕಂದಿನಿಂದ ನನ್ನನ್ನು ಎತ್ತಿ ಆಡಿಸಿದವರು, ಏಕವಚನದಲ್ಲೇ ಮಾತು.

"ಉಂಡಿಯೇನ್ ತಮ್ಮಾ?"

"ಹೂಂ ಅತ್ತಿ."

"ಏನ್ ಮಾಡ್ಕೊಂಡಿದ್ದಿ?"

"ಅನ್ನ ಸಾರು."

"ಬರೇ ಸುಳ್ಳ ಹೇಳ್ತಿ. ಬ್ರೆಡ್ ತಿಂದಿರ್ತಿ, ನನಗ ಗೊತ್ತಿಲ್ಲೇನು. ಈ ಅಮಾಸಿಗೆ ಅಕಿ ಹೆಸರಿಲೆ ಒಂದ್ ಎಡಿ ಇಡಪಾ. ಅಲ್ಲೇ ಸತ್ತಾಕಿ, ಅಲ್ಲೇ ಇರ್ತಾಳ. ಇಲ್ಲಿ ನಾ ಇಟ್ಟಿದ್ದು ಅಷ್ಟು ದೂರ ಮುಟ್ಟತೈತೋ ಇಲ್ಲೋ."

"ಏನ್ ಮಾಡಿ ಇಡಬೇಕ್ರಿ?"

"ಏನರ ಇಡು. ಅಕಿಗೆ ಗಿಣ್ಣ ಅಂದ್ರ ಜೀವ. ಮನ್ಯಾಗ ಎಮ್ಮಿ ಈದ್ರ ಸಾಕು, ಸಾಲಿ ತಪ್ಪಿಸಿ ಒಲಿ ಮುಂದ ಕುಂದರ್ತಿದ್ಲು. ಅಲ್ಲಿ ಗಿಣ್ಣದ ಹಾಲ ಎಲ್ಲಿ ಸಿಗಬೇಕು, ಬಿಡು."

"ಐತ್ರಿ ಅತ್ತಿ," ಎಂದೆ. "ಫ್ರೀಜರಿನ್ಯಾಗ ಐತಿ."

"ಅಕಿನ ಇಟ್ಟಾಳೇನು?"

"ಹೂಂ."

"ಹಂಗಾರ ತಿನ್ನಬೇಕಂತನ ಇಟ್ಟಾಳ."

ಫ್ರೀಜರಿನಲ್ಲಿ ಅರ್ಧ ಲೀಟರಿನ ನಾಲ್ಕು ಬಾಟಲಿಗಳಿದ್ದವು. ಹಿಂದಿನ ಏಪ್ರಿಲ್‌ನಲ್ಲಿ ಆಕಳು ಈದಾಗ ಅವಳು ಕರೆದಿಟ್ಟ ಮೊದಲ ದಿನದ ಹಾಲು. ಮಾಂಸದ ಆಕಳುಗಳಿಗೆ ಕರೆಸಿಕೊಂಡು ಅಭ್ಯಾಸವಿಲ್ಲ. ನಾನು ಬಾಲ ಎತ್ತಿ ಹಿಡಿದುಕೊಂಡಿದ್ದೆ, ಅವಳು ಒಂದೊಂದರಿಂದ ಸ್ವಲ್ಪ ಸ್ವಲ್ಪ ಕರೆದಳು. ಒಟ್ಟು ಐದು ಬಾಟಲಿ. ಅದರಲ್ಲಿ ಒಂದನ್ನು ಅವತ್ತೇ ಗಿಣ್ಣ ಮಾಡಿ ತಿಂದೆವು. ಉಳಿದ ನಾಲ್ಕರ ಮೇಲೆ ಟೇಪು ಅಂಟಿಸಿ ಆಕಳ ನಂಬರು, ತಾರೀಖು ಬರೆದಳು. ಬೇರೆ ಏನೂ ಬರೆದಿರಲಿಲ್ಲ. ಉಳಿದದ್ದೂ ಗಿಣ್ಣಕ್ಕೇ ಎಂದು ನಾನು ತಿಳಿದುಕೊಂಡಿದ್ದೆ.

ಒಂದು ಬಾಟಲಿ ಸಾಕಾಗುತ್ತಿತ್ತು, ನಾನು ನಾಲ್ಕನ್ನೂ ತೆಗೆದೆ. ಇದನ್ನು ನಾನು ಯಾರಿಗೂ ಹೇಳಿಲ್ಲ. ಬಟಾಣಿಯ ಪ್ಯಾಕೆಟ್ಟಿಗೆ ಕೈ ಹಾಕಿದಾಗಲೆಲ್ಲ ಅವಳ ಅಕ್ಷರ ಕಾಣುತ್ತಿತ್ತು. ಅವು ಅಲ್ಲಿಂದ ಹೋದರೆ ಸಾಕೆನಿಸಿತ್ತು. ಏಪ್ರಿಲ್‌ನಲ್ಲಿ ಆಕಳುಗಳು ಮತ್ತೆ ಈಯುತ್ತವೆ, ಬೇಕಾದರೆ ಹೊಸ ಹಾಲು ಸಿಗುತ್ತದೆ ಎಂದೂ ಅಂದುಕೊಂಡೆ.

ಓರೆಬ್ರೂದ ಅಂಗಡಿಯಿಂದ ಬೆಲ್ಲ ತಂದೆ. ಗಿಣ್ಣದ ಹಾಲಿಗೆ ಸಾದಾ ಹಾಲು ಬೆರೆಸಿ, ಬೆಲ್ಲ ಕರಗಿಸಿ, ಏಲಕ್ಕಿ ಹಾಕಿ, ಕುಕ್ಕರಿನಲ್ಲಿ ಸೀಟಿ ಇಡದೆ ಬೇಯಿಸಿದೆ. ಚಾಕುವಿನಲ್ಲಿ ಕತ್ತರಿಸಿದರೆ ತುಂಡು ತುಂಡಾಗಿ ಬರುವ ಹಾಗೆ ಗಟ್ಟಿಯಾಯಿತು. ಅವಳ ಫೋಟೋದ ಮುಂದೆ ಎಡೆ ಇಟ್ಟೆ.

ನಾರ್‌ಶೋಪಿಂಗ್‌ನಿಂದ ನಮಗೆ ಪರಿಚಯದ ಬೆಂಗಳೂರಿನ ದಂಪತಿ, ತಮ್ಮ ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದರು. ನನ್ನ ಹೆಂಡತಿ ಸತ್ತಾಗ ಕಾಗದಪತ್ರವನ್ನೆಲ್ಲ ಓಡಾಡಿ ಮಾಡಿಸಿದವರು ಅವರೇ.

"ಅಣ್ಣಾ, ಇದು ಗಿಣ್ಣು ಅಲ್ವಾ?" ಎಂದು ಮಗುವಿನ ತಾಯಿ ತಟ್ಟೆ ಹತ್ತಿರ ತಂದುಕೊಂಡು ನೋಡಿದಳು. "ಸೀರಿಯಸ್ಲೀ? ಸ್ವೀಡನ್ನಲ್ಲಿ ಗಿಣ್ಣು ತಿಂತೀನಿ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ."

"ಸ್ವಲ್ಪ ಪ್ಯಾಕ್ ಮಾಡಿ ಕೊಡಿ ಅಣ್ಣ," ಎಂದ ಅವಳ ಗಂಡ. "ಸೋಮವಾರ ಆಫೀಸಿನ ಫಿಕಾಗೆ, ಕಾಫಿ ಬ್ರೇಕಿಗೆ, ತಗೊಂಡ್ ಹೋಗ್ತೀನಿ. ಆ ಕೇಕ್ ತಿಂದೂ ತಿಂದೂ ಬೇಜಾರಾಗಿದೆ."

"ಸುಮ್ನಿರಿ ನೀವು. ಎಡೆಗಿಟ್ಟಿದ್ದನ್ನ ಆಫೀಸಿಗೆ ಒಯ್ತಾರಂತೆ."

ಮಗು ಖಾಲಿ ಬಟ್ಟಲು ಚಾಚಿ ಸ್ವೀಡಿಷಿನಲ್ಲಿ ಇನ್ನೂ ಬೇಕು ಎಂದಿತು. ಎರಡು ಸಲ ಬಡಿಸಿದೆ. ಉಳಿದದ್ದನ್ನು ಅವರಿಗೇ ಡಬ್ಬಿಯಲ್ಲಿ ಹಾಕಿಕೊಟ್ಟೆ. ಅಜ್ಜಿಗೂ ಒಂದು ಬಟ್ಟಲು ಕೊಡಬೇಕೆಂದು ಮನಸ್ಸಿಗೆ ಬಂತು. ಆದರೆ ಸತ್ತವಳಿಗೆ ಇಟ್ಟ ಎಡೆಯದು ಎಂದು ಹೇಗೆ ವಿವರಿಸುವುದೆಂದು ಸಂಕೋಚವಾಗಿ ಬಿಟ್ಟೆ. ಕೊಟ್ಟಿದ್ದರೆ ಅವತ್ತೇ ತಿಳಿಯುತ್ತಿತ್ತು. ಇನ್ನೂ ಆರು ವಾರ ಸಮಯವಿತ್ತು. ಮರುದಿನ ಬಾಟಲಿಗಳನ್ನು ತೊಳೆದು, ಟೇಪು ಕಿತ್ತು, ಖಾಲಿ ಬಾಟಲಿ ವಾಪಸು ತೆಗೆದುಕೊಳ್ಳುವ ಅಂಗಡಿಯ ಯಂತ್ರಕ್ಕೆ ಹಾಕಿ ಬಂದೆ.

ಬೂದು ಕುರಿ ಅವಳು ಬರೆದಿಟ್ಟ ದಿನಕ್ಕೆ ಸರಿಯಾಗಿ ಈದಿತು. ಬೆಳಿಗ್ಗೆ ಆರಕ್ಕೆ ನಾನು ಕೊಟ್ಟಿಗೆಗೆ ಹೋದಾಗ ಎರಡು ಮರಿಗಳೂ ಎದ್ದು ನಿಂತಿದ್ದವು, ತಾಯಿ ನೆಕ್ಕಿ ಮೈ ಒಣಗಿಸಿತ್ತು. ಒಂದು ಗಂಡು, ಒಂದು ಹೆಣ್ಣು. ಹೆಣ್ಣುಮರಿ ತಾಯಿಯಂತೆಯೇ ಬೂದು. ಎರಡೂ ಕೆಚ್ಚಲಿಗೆ ಬಾಯಿ ಹಾಕಿ ಬಾಲ ಅಲ್ಲಾಡಿಸುತ್ತಿದ್ದವು. ಕುಡಿಯುತ್ತಿವೆ ಎಂದುಕೊಂಡೆ. ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಫೋಟೋ ತೆಗೆದು, ಅತ್ತೆಗೆ ಕಳಿಸಿದೆ. ನವೆಂಬರ್‌ನಿಂದ ಈಚೆಗೆ ನಾನು ನಾನಾಗಿ ಮಾಡಿದ ಮೊದಲ ಕೆಲಸ ಅದು. ಕೂಡಲೇ ಫೋನ್ ಬಂತು.

"ಹೆಣ್ಣು ಅಕಿನಂಗ ಐತಿ ನೋಡು, ಹಣಿ ಅಗಲ," ಎಂದರು ಅತ್ತೆ. ಮಗಳು ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕೇಳಿದ್ದು ಅವತ್ತೇ. ಆಮೇಲೆ ಅತ್ತರು, ಮತ್ತೆ ನಕ್ಕರು. ನಾನು ಗೋಡೆಗೆ ಒರಗಿ ನಿಂತು ಕೇಳಿಸಿಕೊಂಡೆ.

ಎಂಟು ಗಂಟೆಗೆ ಅಜ್ಜಿ ಬಂದರು. ಬಗ್ಗಿ ಮರಿಗಳ ಹೊಟ್ಟೆಯ ಕೆಳಗೆ ಕೈ ಇಟ್ಟರು. ಬಾಯಿಗೆ ಬೆರಳು ಹಾಕಿ ನೋಡಿದರು.

"ಬಾಯಿ ತಣ್ಣಗಿದೆ. ಹೊಟ್ಟೆಯಲ್ಲಿ ಏನೂ ಇಲ್ಲ," ಎಂದು ತಾಯಿಯ ಕೆಚ್ಚಲು ಹಿಂಡಿದರು. ಒಂದು ಕಡೆ ಕಲ್ಲು. ಇನ್ನೊಂದು ಕಡೆ ನೀರಿನಂಥದ್ದು ನಾಲ್ಕು ಹನಿ. "ಎಷ್ಟು ಹೊತ್ತಾಯಿತು? ಹೋಗು, ಬಾಟಲಿ ತಾ. ನಿಮ್ಮ ಫ್ರೀಜರಿನಲ್ಲಿ ನಾಲ್ಕಿವೆ ಎಂದು ಹೇಳಿದ್ದಳು. ನಾಲ್ಕನ್ನೂ ಕರಗಿಸು. ಒಂದೇ ಆಕಳ ಹಾಲಾದರೆ ಕೆಲವು ಸಲ ಮರಿಯ ರಕ್ತ ಕೆಡುತ್ತದೆ, ಬೆರೆಸಿ ಕೊಡಬೇಕು."

ಆಕಳು ಈಯುವುದು ಏಪ್ರಿಲ್ ಕೊನೆಗೆ. ಕುರಿ ಈಯುವುದು ಅದಕ್ಕೆ ತಿಂಗಳು ಮೊದಲು. ಈ ವರ್ಷದ ಮರಿಗೆ ಹೋದ ವರ್ಷದ ಆಕಳ ಹಾಲೇ ಆಗಬೇಕು. ಇದು ಅವರಿಬ್ಬರಿಗೂ ಎಷ್ಟು ಸಹಜವಾಗಿತ್ತೆಂದರೆ ಬರೆದಿಡುವ ಮಾತೇ ಇರಲಿಲ್ಲ.

"ಬಾಟಲಿ ಇಲ್ಲ," ಎಂದೆ.

"ಇಲ್ಲ ಎಂದರೆ?"

"ತಿಂದೆವು. ಸಿಹಿ ಮಾಡಿ."

ಅವರು ನನ್ನನ್ನೇ ನೋಡಿದರು. ಬೈಯಲಿಲ್ಲ. ಕೈ ಒರೆಸಿಕೊಂಡು ಫೋನ್ ತೆಗೆದರು. ಸುತ್ತಲಿನ ಕುರಿಗಳಾವುವೂ ಇನ್ನೂ ಈದಿರಲಿಲ್ಲ, ನಮ್ಮ ಹಿಂಡಿನಲ್ಲೂ ಇದೇ ಮೊದಲನೆಯದು. ಗಿಣ್ಣದ ಹಾಲಿಗೆ ಬದಲಾಗಿ ಕೊಡುವ ಪುಡಿ ಅವರ ಕಪಾಟಿನಲ್ಲಿ ಒಂದು ಪೊಟ್ಟಣವಿತ್ತು, ಅದರ ಅವಧಿ ಮುಗಿದಿತ್ತು. ಅದನ್ನೇ ಕಲಸಿ ನಳಿಕೆಯಿಂದ ಹೊಟ್ಟೆಗಿಳಿಸಿದೆವು. ಐದು ಹಳ್ಳಿ ಆಚೆ ಒಂದು ಹೈನು ಫಾರ್ಮಿನಲ್ಲಿ ಹಿಂದಿನ ದಿನ ಆಕಳು ಈದಿದೆ ಎಂದು ಗೊತ್ತಾಗಿ, ಅಜ್ಜಿಯ ಕಾರು ತೆಗೆದುಕೊಂಡು ಹೋದೆ. ಅವರು ಒಂದು ಸಣ್ಣ ಡಬ್ಬಿ ಕೊಟ್ಟರು. ವಾಪಸು ಬಂದು ಕುಡಿಸುವಾಗ ಮಧ್ಯಾಹ್ನ ಮೀರಿತ್ತು. ಮೊದಲ ಆರು ತಾಸಿನೊಳಗೆ ಹೊಟ್ಟೆಗೆ ಹೋದ ಗಿಣ್ಣದ ಹಾಲಿನಿಂದಲೇ ಮರಿಗೆ ರೋಗ ತಡೆಯುವ ಶಕ್ತಿ ಬರುವುದು, ಆಮೇಲೆ ಕರುಳಿನ ಬಾಗಿಲು ಮುಚ್ಚುತ್ತ ಹೋಗುತ್ತದೆ ಎಂದು ಅಜ್ಜಿ ಹೇಳಿದರು. ನನ್ನ ಹೆಂಡತಿಯೂ ಎಂದಾದರೂ ಹೇಳಿದ್ದಿರಬಹುದು. ಅವಳು ಹೇಳಿದ್ದರಲ್ಲಿ ಎಷ್ಟನ್ನು ನಾನು ಸರಿಯಾಗಿ ಕೇಳಿಸಿಕೊಂಡಿದ್ದೇನೋ.

ಗಂಡುಮರಿ ಮರುದಿನ ಎದ್ದೇಳಲಿಲ್ಲ. ಹೆಣ್ಣುಮರಿ ಮೂರನೆಯ ದಿನದವರೆಗೆ ಇತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಹೊಟ್ಟೆ ಉಬ್ಬಿತ್ತು. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು, ಆಸೆ ಇಟ್ಟುಕೊಳ್ಳಬೇಡಿ ಎಂದೂ ಹೇಳಿದರು. ಬಿಸಿ ದೀಪದ ಕೆಳಗೆ ನನ್ನ ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಯಾವ ಕ್ಷಣಕ್ಕೆ ಹೋಯಿತೆಂದು ಗೊತ್ತಾಗಲಿಲ್ಲ. ಸತ್ತ ಪ್ರಾಣಿಗಳನ್ನು ಇಲ್ಲಿ ಹೂಳುವ ಹಾಗಿಲ್ಲ, ಗಾಡಿ ಬಂದು ಒಯ್ಯುತ್ತದೆ. ಗೇಟಿನ ಹತ್ತಿರದ ಡ್ರಮ್ಮಿನಲ್ಲಿಟ್ಟು ಮುಚ್ಚಿದೆ. ತಾಯಿಕುರಿ ಎರಡು ದಿನ ಕೂಗಿ, ಮೂರನೆಯ ದಿನ ಮೇವಿಗೆ ಬಾಯಿ ಹಾಕಿತು.

"ನನ್ನಿಂದಲೇ ಆಯಿತು," ಎಂದು ಅಜ್ಜಿಗೆ ಹೇಳಿದೆ.

"ಹೌದು," ಎಂದರು ಅವರು. ಸುಳ್ಳು ಸಮಾಧಾನ ಹೇಳುವವರಲ್ಲ. ಹುಲ್ಲಿನ ಕಟ್ಟಿನ ಮೇಲೆ ಕೂತರು. "ನನ್ನ ಅಮ್ಮನೂ ಆ ಹಾಲಿನ ಸಿಹಿ ಮಾಡುತ್ತಿದ್ದಳು. ಓವನ್ನಿನಲ್ಲಿ ಇಟ್ಟು. ಮೇಲೆ ದಾಲ್ಚಿನ್ನಿ ಹಾಕುತ್ತಿದ್ದಳು."

"ನಾವು ಏಲಕ್ಕಿ ಹಾಕುತ್ತೇವೆ."

"ಚೆನ್ನಾಗಿತ್ತಾ?"

"ಚೆನ್ನಾಗಿತ್ತು."

ಅವರು ತಲೆಯಾಡಿಸಿ ಎದ್ದು ಆಕಳುಗಳಿಗೆ ಮೇವು ಹಾಕಲು ಹೋದರು.

ಆ ಭಾನುವಾರ ಅತ್ತೆ, "ಮರಿ ಹ್ಯಾಂಗದಾವ?" ಎಂದು ಕೇಳಿದರು. ಸತ್ತವು ಎಂದರೆ, ಯಾಕೆ ಎಂದು ಕೇಳುತ್ತಾರೆ. ಹಾಲು ಸಿಗಲಿಲ್ಲ ಎಂದರೆ, ಎಂಟು ಎಮ್ಮೆ ಸಾಕಿದ ಹೆಂಗಸಿಗೆ ಯಾವ ಹಾಲು ಎಂದು ತಿಳಿಯುತ್ತದೆ. ಎಡೆ ಇಡಲು ಹೇಳಿದವರು ಅವರು. ಗಿಣ್ಣ ಎಂದವರೂ ಅವರೇ. ನಾನು ನಾಲ್ಕೂ ಬಾಟಲಿ ಯಾಕೆ ತೆಗೆದೆ ಎಂಬುದನ್ನು ಎಷ್ಟು ಹೇಳಿದರೂ ಅವರು ಅದನ್ನು ತಮ್ಮ ಮೇಲೆಯೇ ಹಾಕಿಕೊಳ್ಳುತ್ತಾರೆ.

"ಆರಾಮ ಅದಾವ್ರಿ," ಎಂದೆ.

ಅದಾದ ಮೇಲೆ ಬೇರೆ ಕುರಿಗಳು ಈದವು. ಅದರಲ್ಲಿ ಒಂದು ಹೆಣ್ಣುಮರಿ ಬೂದು ಬಣ್ಣದ್ದು, ಹಣೆ ಅಷ್ಟೇನೂ ಅಗಲವಿಲ್ಲ. ಅತ್ತೆ ಫೋಟೋ ಕೇಳಿದಾಗಲೆಲ್ಲ ಅದರದ್ದೇ ಕಳಿಸುತ್ತ ಬಂದೆ. ಮೇ ತಿಂಗಳಲ್ಲಿ ಹಿಂಡನ್ನು ಹುಲ್ಲುಗಾವಲಿಗೆ ಬಿಟ್ಟೆವು, ಜುಲೈನಲ್ಲಿ ಆಕಳುಗಳ ನಡುವೆ ಹೋರಿ ಬಿಟ್ಟೆವು. ಬೂದು ಕುರಿ ಬೇಸಿಗೆಯಲ್ಲೇ ಲಾರಿ ಹತ್ತಿತು. ಅಜ್ಜಿ ಅವತ್ತು ನನ್ನನ್ನು ಕೇಳಲಿಲ್ಲ, ನಾನೂ ಹೊರಗೆ ಬರಲಿಲ್ಲ.

ಈಗ ಆಗಸ್ಟ್ ಕೊನೆ. ಮರಿಗಳನ್ನು ತೂಗಿ ಪಟ್ಟಿ ಮಾಡುತ್ತಿದ್ದೇವೆ. ಹಿಂಡಿಗೆ ಇಟ್ಟುಕೊಳ್ಳುವ ಹೆಣ್ಣುಮರಿಗಳನ್ನು ಅಜ್ಜಿ ಆರಿಸಿಯಾಗಿದೆ. ಫೋಟೋದ ಮರಿ ಅದರಲ್ಲಿಲ್ಲ. ಸೆಪ್ಟೆಂಬರ್‌ನ ಮೊದಲ ಲಾರಿಗೆ ಅದರ ನಂಬರಿದೆ. ಅದನ್ನು ಉಳಿಸಿ ಎಂದು ಕೇಳುವ ಬಾಯಿ ನನಗಿಲ್ಲ. ಹಿಂದೆ ಹಾಗೆ ಕೇಳಿ ಉಳಿಸಿಕೊಂಡವಳಿಗೆ ಕೊಟ್ಟ ಮಾತನ್ನು ಅಜ್ಜಿ ನಡೆಸಿದ್ದರು, ಕೆಡಿಸಿದ್ದು ನಾನು.

ಕಳೆದ ಭಾನುವಾರ ಅತ್ತೆ ಹೇಳಿದರು: "ಅಕಿ ಮರಿ ಮಾರಬ್ಯಾಡ ಅಂತ ಆ ಮುದುಕಿಗೆ ಹೇಳಪಾ. ನೀ ಬಂದ ಮ್ಯಾಲೂ ಅಲ್ಲೇ ಇರ್ಲಿ. ಅಕಿದು ಅಂತ ಒಂದರ ಇರ್ಲಿ ಆ ಊರಾಗ."

"ಹೇಳೀನ್ರಿ ಅತ್ತಿ."

"ಏನಂದ್ಲು?"

"ಹೂಂ ಅಂದಾರ."

ಮೂರು ದಿನದಿಂದ ಆ ಮರಿಯ ಫೋಟೋ ತೆಗೆಯುತ್ತಿದ್ದೇನೆ. ಬೇಲಿಯ ಹತ್ತಿರ, ಕೆರೆಯ ದಂಡೆಯಲ್ಲಿ, ಕೊಟ್ಟಿಗೆಯ ಒಳಗೆ ಒಣಹುಲ್ಲಿನ ಮೇಲೆ. ಮಳೆ ಬಂದಾಗ ಒಂದಿಷ್ಟು, ಬಿಸಿಲಿನಲ್ಲಿ ಒಂದಿಷ್ಟು. ಐವತ್ತಕ್ಕಿಂತ ಹೆಚ್ಚಾಗಿವೆ. ಲಾರಿ ಹೋದ ಮೇಲೂ ವಾರಕ್ಕೊಂದರಂತೆ ಕಳಿಸಬಹುದು. ಆದರೆ ಅಕ್ಟೋಬರ್‌ನಲ್ಲಿ ನಾನೇ ರಾಣೇಬೆನ್ನೂರಿಗೆ ಹೋಗಿ ಅವರ ಎದುರು ಕೂಡಬೇಕು. ಆಗ ಅವರು ಫೋನು ಈಸಿಕೊಂಡು ಒಂದೊಂದೇ ಫೋಟೋ ಸರಿಸಿ ನೋಡುತ್ತಾರೆ, ನಾನು ಪಕ್ಕದಲ್ಲಿ ಕೂತು ಹೂಂ ಅನ್ನುತ್ತಿರಬೇಕು.